ರೈ ಐಪಿಎ: ಮ್ಯಾಶ್ ಗಂಜಿಯಂತೆ ಕಟ್ಟಿಕೊಂಡಿತು, ರೈ ಕಡಿಮೆ ಮಾಡಬೇಕಾ?

ತುಂಗಾತೀರ, ಸಿಯಾಟಲ್

ಎಲ್ಲರಿಗೂ ನಮಸ್ಕಾರ. ನಾನು ಸಿಯಾಟಲ್ ಹತ್ತಿರ ಇರುವುದು, ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿ ಎರಡು ವರ್ಷವಾಯಿತು. ಇಲ್ಲಿಯವರೆಗೆ ಹನ್ನೊಂದು ಬ್ಯಾಚ್ ಆಗಿದೆ, ಎಲ್ಲವೂ ಬಾರ್ಲಿಯದ್ದೇ, ಒಂದೂ ಕೈಕೊಟ್ಟಿರಲಿಲ್ಲ. ಈ ಸಲ ರೈ (ಗೋಧಿಯ ಹತ್ತಿರದ ಒಂದು ಧಾನ್ಯ) ಹಾಕಿ ಐಪಿಎ ಅನ್ನುವ ಕಹಿ ಬಿಯರ್ ಮಾಡಿದೆ. ಮೊದಲ ಸಲ ರೈ ಐಪಿಎ ಕುಡಿದಾಗಿನಿಂದ ಆಸೆ ಇತ್ತು. ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಕಹಿಯ ಕೆಳಗೆ ದಪ್ಪಗೆ, ನುಣ್ಣಗೆ ಏನೋ ಇರುತ್ತದೆ, ಕೊನೆಯಲ್ಲಿ ಕಾಳುಮೆಣಸಿನಂಥ ರುಚಿ ಬಂದು ಹೋಗುತ್ತದೆ, ಅಲ್ವಾ, ಅದು ಬೇಕಿತ್ತು.

ಹಾಕಿದ್ದು ಇಷ್ಟು (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು; ಪೇಲ್, ಕ್ರಿಸ್ಟಲ್ ಎರಡೂ ಬಾರ್ಲಿಯವು): ಪೇಲ್ ಮಾಲ್ಟ್ 4.2 ಕೆಜಿ, ರೈ ಮಾಲ್ಟ್ 2 ಕೆಜಿ, ಕ್ರಿಸ್ಟಲ್ 300 ಗ್ರಾಂ. 19 ಲೀಟರ್ ಬ್ಯಾಚ್. ಕೊಲಂಬಸ್ ಹಾಪ್ಸ್ 35 ಗ್ರಾಂ 60 ನಿಮಿಷಕ್ಕೆ, ಸೆಂಟೆನಿಯಲ್ 30 ಗ್ರಾಂ ಕೊನೆಯ 10 ನಿಮಿಷಕ್ಕೆ. ಮ್ಯಾಶ್, ಅಂದರೆ ಒಡೆದ ಕಾಳನ್ನು ಬಿಸಿ ನೀರಿನಲ್ಲಿ ನೆನೆಸಿಡುವುದು, 67 ಡಿಗ್ರಿಯಲ್ಲಿ ಒಂದು ಗಂಟೆ, ತಳದಲ್ಲಿ ಜಾಲರಿ ಇರುವ ಕೂಲರ್ ಡಬ್ಬದಲ್ಲಿ.

ರೈ ಕಾಳು ಸಣ್ಣದು, ಗಟ್ಟಿ ಕೂಡ. ನನ್ನ ಮಿಲ್‌ನಲ್ಲಿ ಅರ್ಧಕ್ಕರ್ಧ ಒಡೆಯದೆ ಹಾಗೇ ಕೆಳಗೆ ಬಿತ್ತು. ಅದಕ್ಕೆ ಉಳಿದದ್ದನ್ನು ಮಿಕ್ಸಿಗೆ ಹಾಕಿ ಎರಡು ಸುತ್ತು ತಿರುಗಿಸಿದೆ. ಸ್ಪಾರ್ಜ್ (ಕಾಳಿನ ಮೇಲೆ ಬಿಸಿ ನೀರು ಸುರಿದು ಸಿಹಿ ರಸ ಇಳಿಸಿಕೊಳ್ಳುವುದು) ಶುರು ಮಾಡಿದಾಗ ಮೊದಲ ಎರಡು ಲೀಟರ್ ಚೆನ್ನಾಗಿ ಬಂತು, ಆಮೇಲೆ ದಾರದಷ್ಟು ಸಣ್ಣಗಾಗಿ ನಿಂತೇ ಹೋಯಿತು. ಕಲಕಿದೆ, ಸ್ವಲ್ಪ ಹರಿಯಿತು, ಮತ್ತೆ ನಿಂತಿತು. ಸೌಟಿನಲ್ಲಿ ಎತ್ತಿ ನೋಡಿದರೆ ರಾಗಿ ಗಂಜಿಯ ಹಾಗೆ ಲೋಳೆ. ಕೊನೆಗೆ ಹೆಚ್ಚುಕಡಿಮೆ ಕುದಿಯುವ ನೀರನ್ನೇ ಸುರಿದು, ಮೂರು ಗಂಟೆ ನಿಂತು, ಹೇಗೋ ಇಳಿಸಿಕೊಂಡೆ. 1.065 ಬರಬೇಕಿದ್ದ ಗ್ರಾವಿಟಿ (ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಅಳತೆ) 1.050ಕ್ಕೆ ನಿಂತಿತು.

ಯುಎಸ್-05 ಯೀಸ್ಟ್ ಹಾಕಿ 18 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಇವತ್ತು ಹನ್ನೆರಡನೇ ದಿನ, 1.012 ಇದೆ. ರುಚಿ ನೋಡಿದೆ. ವಾಸನೆ ಚೆನ್ನಾಗಿದೆ, ಆದರೆ ಕಹಿ ಜಾಸ್ತಿ, ಅದರ ಜೊತೆಗೆ ಒಗರು ಇದೆ, ಹಸಿ ಅಡಿಕೆ ಕಚ್ಚಿದ ಹಾಗೆ ನಾಲಿಗೆ ಒಣಗುತ್ತದೆ. ರೈ ರುಚಿ ಅಂದರೆ ಇದೇನಾ? ಮುಂದಿನ ಸಲ ರೈ ಕಡಿಮೆ ಮಾಡಬೇಕಾ? ಈ ಬ್ಯಾಚ್ ಉಳಿಸಿಕೊಳ್ಳಬಹುದಾ?

ಹಿತ್ತಲಹಾಪ್ಸ್, ಪೋರ್ಟ್‌ಲ್ಯಾಂಡ್

ನೀವು ಕಹಿ ಅಂತ ಮಾತ್ರ ಬರೆದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಒಗರು ಅಂದಿರಲ್ಲ, ಅಲ್ಲೇ ಉತ್ತರ ಇದೆ. ಕಹಿ ಬರುವುದು ಹಾಪ್ಸ್‌ನಿಂದ, ಒಗರು ಬರುವುದು ಟ್ಯಾನಿನ್‌ನಿಂದ. ಟ್ಯಾನಿನ್ ಇರುವುದು ಬಾರ್ಲಿಯ ಹೊಟ್ಟಿನಲ್ಲಿ. ನೀರು 77 ಡಿಗ್ರಿ ದಾಟಿ, ಮ್ಯಾಶ್‌ನ ಪಿಎಚ್ 6ರ ಹತ್ತಿರ ಏರಿದರೆ ಅದು ಬಿಟ್ಟುಕೊಳ್ಳುತ್ತದೆ, ಚಹಾಪುಡಿಯನ್ನು ಜಾಸ್ತಿ ಹೊತ್ತು ಕುದಿಸಿದ ಹಾಗೆ. ಸಕ್ಕರೆ ಇಳಿದು ಹೋದ ಕಾಳಿನ ಮೇಲೆ ಬರೀ ನೀರು ಸುರಿದಷ್ಟೂ ಪಿಎಚ್ ಏರುತ್ತದೆ, ನೀವು ಸುರಿದದ್ದು ಕುದಿಯುವ ನೀರು, ಅದೂ ಮೂರು ಗಂಟೆ. ರೈ ಮೇಲೆ ತಪ್ಪು ಹೊರಿಸಬೇಡಿ.

ಈಗ ಯಾಕೆ ಕಟ್ಟಿಕೊಂಡಿತು ಅಂತ. ಬಾರ್ಲಿ ಕಾಳಿಗೆ ಹೊಟ್ಟು ಅಂಟಿಕೊಂಡೇ ಇರುತ್ತದೆ. ಮ್ಯಾಶ್ ಮುಗಿದ ಮೇಲೆ ಆ ಹೊಟ್ಟೇ ಹಾಸಿಗೆಯಾಗಿ ಕೂತು ವರ್ಟ್ ಅನ್ನುವ ಆ ಸಿಹಿ ರಸ ಸೋಸಿ ಕೊಡುತ್ತದೆ. ರೈಗೆ ಹೊಟ್ಟು ಇಲ್ಲ, ಗೋಧಿಯ ಹಾಗೆ ಬೆತ್ತಲೆ ಕಾಳು. ಅದರ ಮೇಲೆ ಅದರಲ್ಲಿ ಬೀಟಾ ಗ್ಲೂಕನ್, ಪೆಂಟೋಸಾನ್ ಅನ್ನುವ ಅಂಟು ಪದಾರ್ಥಗಳಿವೆ, ಪೆಂಟೋಸಾನ್ ಅಂತೂ ಬಾರ್ಲಿಗಿಂತ ಜಾಸ್ತಿ, ನೀರು ಕುಡಿದರೆ ಬೆಂಡೆಕಾಯಿಯ ಲೋಳೆಯ ಹಾಗೆ ಎಳೆ ಎಳೆಯಾಗುತ್ತವೆ. ನಿಮ್ಮ ಕಾಳಿನಲ್ಲಿ ರೈ ಶೇಕಡ 31. ಒಂದು ಹೊಟ್ಟು ಕಡಿಮೆ, ಇನ್ನೊಂದು ಲೋಳೆ ಜಾಸ್ತಿ, ಮೂರನೆಯದು ಮಿಕ್ಸಿ. ಮಿಕ್ಸಿಯಲ್ಲಿ ತಿರುಗಿಸಿದ ರೈ ಹಿಟ್ಟಾಗಿರುತ್ತದೆ, ಆ ಹಿಟ್ಟು ಜಾಲರಿಯ ಮೇಲೆ ಪಾಯಸದ ಕೆನೆಯ ಹಾಗೆ ಕೂತಿರುತ್ತದೆ.

ಆದರೆ ಆ ಲೋಳೆ ಇದೆಯಲ್ಲ, ಅದೇ ನಿಮಗೆ ಬೇಕಾದ ನುಣುಪು ಕೊಡುವುದು. ಗ್ಲಾಸಿನಲ್ಲಿ ಬೇಕು, ಸ್ಪಾರ್ಜ್‌ನಲ್ಲಿ ಬೇಡ ಅಂದರೆ ಆಗುವುದಿಲ್ಲ. ಶೇಕಡ 10ಕ್ಕೆ ಇಳಿಸಿದರೆ ಸುಖವಾಗಿ ಸೋಸುತ್ತದೆ ನಿಜ, ಆಗ ರೈ ಇದೆ ಅಂತ ಲೇಬಲ್‌ನಲ್ಲಿ ಬರೆದರೆ ಮಾತ್ರ ಗೊತ್ತಾಗುವುದು. ನಾನು 20ಕ್ಕಿಂತ ಕೆಳಗೆ ಹೋಗುವುದಿಲ್ಲ. ಒರೆಗಾನ್‌ನವರೇ ಆದ ಡೆನ್ನಿ ಕಾನ್ ಅವರ ರೈ ಐಪಿಎ ರೆಸಿಪಿ ಇಲ್ಲಿನ ಹೋಮ್‌ಬ್ರೂವರ್‌ಗಳಿಗೆಲ್ಲ ಗೊತ್ತು, ಅದರಲ್ಲೂ ರೈ ಧಾರಾಳವಾಗಿಯೇ ಇದೆ, ಎಷ್ಟೋ ಜನ ಅದನ್ನು ಮಾಡಿಯೇ ರೈ ಕಲಿತದ್ದು.

ನಾನು ಮಾಡುವುದು ಹೀಗೆ. ಬಾರ್ಲಿ ಬೇರೆ, ರೈ ಬೇರೆ ಒಡೆಯುತ್ತೇನೆ. ಬಾರ್ಲಿಗೆ ಮಿಲ್‌ನ ಸಂದು 1.1 ಮಿಮೀ ಇದ್ದರೆ ರೈಗೆ 0.9ಕ್ಕೆ ಬಿಗಿ ಮಾಡುತ್ತೇನೆ. ಕಾಳು ಎರಡು ಮೂರು ಚೂರಾದರೆ ಸಾಕು, ಹಿಟ್ಟಾಗಬಾರದು. ಆಮೇಲೆ ಭತ್ತದ ಉಮಿ. ಹೋಮ್‌ಬ್ರೂ ಅಂಗಡಿಯಲ್ಲಿ ತೊಳೆದು ಒಣಗಿಸಿದ್ದು ಸಿಗುತ್ತದೆ, ಬೆಲೆಯೂ ಕಡಿಮೆ. 6.5 ಕೆಜಿ ಕಾಳಿಗೆ 300 ಗ್ರಾಂ ಹಾಕಿ. ಹಾಕುವ ಮೊದಲು ಬಿಸಿ ನೀರಿನಲ್ಲಿ ನೆನೆಸಿ ಬಸಿಯಿರಿ, ಇಲ್ಲದಿದ್ದರೆ ಅದೇ ನಿಮ್ಮ ವರ್ಟ್ ಕುಡಿದುಬಿಡುತ್ತದೆ. ಉಮಿಗೆ ರುಚಿ ಇಲ್ಲ, ಸಕ್ಕರೆ ಇಲ್ಲ, ಜಾಗ ಮಾಡಿಕೊಡುವುದಷ್ಟೇ ಅದರ ಕೆಲಸ.

ಮ್ಯಾಶ್ ಮೊದಲ 20 ನಿಮಿಷ 43 ಡಿಗ್ರಿಯಲ್ಲಿ ಗಟ್ಟಿಯಾಗಿ ಕಲಸಿಡಿ, ಬೀಟಾ ಗ್ಲೂಕನ್ ಒಡೆಯುವ ಎಂಜೈಮ್ ಕೆಲಸ ಮಾಡುವುದು ಆ ಬಿಸಿಯಲ್ಲಿ, 60 ದಾಟಿದರೆ ಅದು ಉಳಿಯುವುದಿಲ್ಲ. ಆಮೇಲೆ ಕುದಿನೀರು ಸೇರಿಸಿ 66ಕ್ಕೆ ಏರಿಸಿ ಒಂದು ಗಂಟೆ. ಈ ಹಂತದಲ್ಲಿ ಕುದಿನೀರು ಹಾಕಿದರೆ ತೊಂದರೆ ಇಲ್ಲ, ಇಡೀ ಮ್ಯಾಶ್ 66ರಲ್ಲೇ ನಿಲ್ಲುತ್ತದೆ. ಕೊನೆಗೆ 76ಕ್ಕೆ ಏರಿಸಿ, ಬಿಸಿ ಇದ್ದಷ್ಟೂ ವರ್ಟ್ ತೆಳ್ಳಗಿರುತ್ತದೆ. ನಲ್ಲಿಯನ್ನು ಕಾಲು ಭಾಗ ಮಾತ್ರ ತೆರೆಯಿರಿ. ಶುರುವಿನಲ್ಲಿ ಜೋರಾಗಿ ಎಳೆದರೆ ಹಾಸಿಗೆ ಒತ್ತಿಕೊಂಡು ಕೂರುತ್ತದೆ, ಆಮೇಲೆ ಎಷ್ಟು ಕಲಕಿದರೂ ಅಷ್ಟೇ.

ನೀರಿನ ವಿಷಯವೂ ಇದೆ. ನಿಮ್ಮ ಊರಿನ ನೀರೂ ನಮ್ಮೂರಿನ ನೀರೂ ತುಂಬ ಮೆದು, ಖನಿಜ ಏನೂ ಇಲ್ಲ. ಮ್ಯಾಶ್‌ಗೆ 5 ಗ್ರಾಂ ಜಿಪ್ಸಮ್ ಹಾಕಿ. ಪಿಎಚ್ ಸ್ವಲ್ಪ ಇಳಿಯುತ್ತದೆ, ಹಾಪ್ಸ್ ಕಹಿ ಚುರುಕಾಗಿ ಬರುತ್ತದೆ.

ಇನ್ನೊಂದು, ಸೋಸಿ ಮಿಕ್ಕ ಕಾಳನ್ನು ಎಸೆಯಬೇಡಿ. ಒಂದು ಹಿಡಿ ದೋಸೆ ಹಿಟ್ಟಿಗೆ ರುಬ್ಬಿ ಸೇರಿಸಿದರೆ ಚೆನ್ನಾಗಿರುತ್ತದೆ, ಉಮಿ ಹಾಕದ ಬ್ಯಾಚ್ ಆದರೆ ಮಾತ್ರ. ಮನೆಯಲ್ಲಿ ನಾಯಿ ಇದ್ದರೆ ಕುದಿಸಿದ ಹಾಪ್ಸ್ ಅದರ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಹಾಪ್ಸ್ ತಿಂದ ನಾಯಿಗೆ ಮೈ ಬಿಸಿ ವಿಪರೀತ ಏರಿ ಪ್ರಾಣಕ್ಕೇ ಅಪಾಯವಾಗುತ್ತದೆ.

ಕಾಫಿತೋಟ_ಮ್ಯೂನಿಕ್

ಮೇಲಿನವರು ಹೇಳಿದ್ದೆಲ್ಲ ಸರಿ, ಶೇಕಡ 20ರ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಕೂಲರ್ ಡಬ್ಬದಲ್ಲಿ ಮಾಡುವವರು ಮೊದಲು 15ರಲ್ಲಿ ಒಂದು ಬ್ಯಾಚ್ ಮಾಡಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ರೊಗೆನ್‌ಬಿಯರ್ ಅಂತ ಇದೆ, ಅದರಲ್ಲಿ ಅರ್ಧದಷ್ಟು ರೈಯೇ ಇರುತ್ತದೆ, ನಾನು ಮನೆಯಲ್ಲಿ ಎರಡು ಸಲ ಮಾಡಿದ್ದೇನೆ. ಎರಡು ಸಲವೂ ಸೋಸಲು ಇಡೀ ಮಧ್ಯಾಹ್ನ ಹೋಯಿತು, ಉಮಿ ಹಾಕಿಯೂ.

ರುಚಿಯ ಬಗ್ಗೆ ಒಂದು ಮಾತು. ರೈ ಅಂದರೆ ಖಾರ, ಮಸಾಲೆ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕದ ರೈ ಬ್ರೆಡ್‌ನಲ್ಲಿ ಜೀರಿಗೆಯ ಹಾಗೆ ಕಾಣುವ ಕ್ಯಾರವೇ ಕಾಳು ಹಾಕಿರುತ್ತಾರೆ, ಆ ಘಮವನ್ನೇ ಜನ ರೈ ಘಮ ಅಂದುಕೊಂಡಿರುತ್ತಾರೆ. ರೊಗೆನ್‌ಬಿಯರ್‌ನಲ್ಲಿ ಬರುವ ಲವಂಗದ ವಾಸನೆಯೂ ರೈಯದ್ದಲ್ಲ, ಗೋಧಿ ಬಿಯರ್‌ಗೆ ಹಾಕುವ ಯೀಸ್ಟ್‌ನದು. ರೈಯ ಸ್ವಂತ ರುಚಿ ಮೆತ್ತಗಿನದು. ಹೊಸದಾಗಿ ಬೀಸಿದ ಹಿಟ್ಟಿನ, ಮಣ್ಣಿನ, ಸ್ವಲ್ಪ ಒಣ ಹುಲ್ಲಿನ ರುಚಿ. ಅದಕ್ಕೇ ಹೇಳುವುದು, ಯುಎಸ್-05 ಥರ ತೆಪ್ಪಗಿರುವ ಯೀಸ್ಟ್ ಹಾಕಿದ್ದು ಒಳ್ಳೆಯದಾಯಿತು, ರೈ ಏನು ಅಂತ ಅದರಲ್ಲೇ ಗೊತ್ತಾಗುವುದು.

ಅಳತೆಪಟ್ಟಿ, ಟೊರೊಂಟೊ

ಕಹಿ ಜಾಸ್ತಿಯಾದದ್ದಕ್ಕೆ ಲೆಕ್ಕವೂ ಕಾರಣ. ಕೊಲಂಬಸ್ ಆಲ್ಫಾ (ಹಾಪ್ಸ್‌ನಲ್ಲಿ ಕಹಿ ಕೊಡುವ ಆಮ್ಲ) ಶೇಕಡ 15, ಸೆಂಟೆನಿಯಲ್ 10 ಅಂತ ಹಿಡಿದರೆ 1.065 ವರ್ಟ್‌ನಲ್ಲಿ ನಿಮ್ಮ ಹಾಪ್ಸ್ ಸುಮಾರು 68 ಐಬಿಯು (ಕಹಿಯ ಅಳತೆ) ಕೊಡುತ್ತಿತ್ತು. ವರ್ಟ್ ತೆಳುವಾದಷ್ಟೂ ಹಾಪ್ಸ್‌ನ ಕಹಿ ಜಾಸ್ತಿ ಕರಗುತ್ತದೆ, 1.050ರಲ್ಲಿ ಅದೇ ಹಾಪ್ಸ್ 75ರ ಮೇಲೆ ಹೋಗುತ್ತದೆ. ಒಂದು ಕಡೆ ಸಿಹಿ ಇಳಿಯಿತು, ಇನ್ನೊಂದು ಕಡೆ ಕಹಿ ಏರಿತು. ಕುದಿಸುವ ಮೊದಲೇ ಗ್ರಾವಿಟಿ ನೋಡಿ, ಕಡಿಮೆ ಇದ್ದರೆ ಮೊದಲ ಹಾಪ್ಸ್ ಕಡಿಮೆ ಮಾಡಿ, ಅಥವಾ ಅರ್ಧ ಕೆಜಿ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಮನೆಯಲ್ಲಿ ಇಟ್ಟುಕೊಂಡು ಸೇರಿಸಿ. ಅದು ನನ್ನ ಕಪಾಟಿನಲ್ಲಿ ಯಾವಾಗಲೂ ಇರುತ್ತದೆ.

ಈ ಬ್ಯಾಚ್ ಚೆಲ್ಲಬೇಡಿ. ಶೇಕಡ 5ರ ಬಿಯರ್ ಆಗಿದೆ, ಅಷ್ಟೇ. ಡ್ರೈ ಹಾಪ್, ಅಂದರೆ ಕುದಿಸದೆ ಬಿಯರ್‌ಗೇ ಹಾಕುವ ಹಾಪ್ಸ್, ಜಾಸ್ತಿ ಸುರಿದು ಒಗರನ್ನು ಮುಚ್ಚಲು ಹೋಗಬೇಡಿ, ಹಾಪ್ಸ್ ಎಲೆಯಲ್ಲೂ ಟ್ಯಾನಿನ್ ಇದೆ. ಕ್ಯಾಸ್ಕೇಡ್ 40 ಗ್ರಾಂ, ಮೂರು ದಿನ, ಸಾಕು. ಆಮೇಲೆ ಫ್ರಿಜ್‌ನಲ್ಲಿ ತಣ್ಣಗೆ ಇಟ್ಟು ಜೆಲಟಿನ್ ಹಾಕಿ, ಒಂದಷ್ಟು ಟ್ಯಾನಿನ್ ತಳಕ್ಕೆ ಕೂರುತ್ತದೆ. ಬಾಟಲಿಗೆ ಹಾಕುವುದಾದರೆ 19 ಲೀಟರ್‌ಗೆ ಕಾರ್ನ್ ಶುಗರ್ 115 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ಡ್ರೈ ಹಾಪ್ ಆದ ಮೇಲೆ ಗ್ರಾವಿಟಿ ಇನ್ನೂ ಒಂದೆರಡು ಪಾಯಿಂಟ್ ಇಳಿಯಬಹುದು. ಎರಡು ದಿನ ಬಿಟ್ಟು ಎರಡು ಸಲ ಅಳೆದು, ಒಂದೇ ಬಂದರೆ ಮಾತ್ರ ಬಾಟಲಿ ಮುಚ್ಚಿ. ಬಾಟಲಿ ಒಡೆದರೆ ಗಾಜು ಎಲ್ಲೆಲ್ಲಿಗೋ ಸಿಡಿಯುತ್ತದೆ.

ಮಾಗಡಿರಸ್ತೆ, ಬೆಂಗಳೂರು

ನನ್ನದು ಬೇರೆ ಪ್ರಶ್ನೆ. ರೈ ಅಂದರೆ ರಾಗಿನಾ? ಇಲ್ಲಿ ಬ್ರೂಪಬ್‌ನಲ್ಲಿ ರಾಗಿ ಬಿಯರ್ ಕುಡಿದಿದ್ದೇನೆ. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ನಾನೂ ಮಾಡಬಹುದಾ?

ಹಿತ್ತಲಹಾಪ್ಸ್, ಪೋರ್ಟ್‌ಲ್ಯಾಂಡ್

ಅಲ್ಲ, ಹೆಸರು ಹತ್ತಿರ ಇದೆ ಅಷ್ಟೇ. ರೈ ಅನ್ನುವುದು ಗೋಧಿ ಮತ್ತು ಬಾರ್ಲಿಯ ಹತ್ತಿರದ ಬಳಗ, ಚಳಿ ದೇಶದ ಬೆಳೆ, ಗ್ಲೂಟನ್ ಇರುತ್ತದೆ. ರಾಗಿ ಕಿರುಧಾನ್ಯ, ಗ್ಲೂಟನ್ ಇಲ್ಲ. ಮ್ಯಾಶ್‌ನಲ್ಲೂ ವ್ಯತ್ಯಾಸ ಇದೆ. ರೈಯ ಪಿಷ್ಟ ಬಾರ್ಲಿಯ ಬಿಸಿಯಲ್ಲೇ ಬೇಯುತ್ತದೆ, ರಾಗಿಗೆ ಇನ್ನೂ ಜಾಸ್ತಿ ಬಿಸಿ ಬೇಕು, ಮೊದಲೇ ಬೇಯಿಸಿಕೊಂಡು ಸೇರಿಸಿದರೆ ಒಳ್ಳೆಯದು.

ಮನೆಯಲ್ಲಿ ಮಾಡುವ ಬಗ್ಗೆ: ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ದಯವಿಟ್ಟು ಆ ಕಡೆ ಹೋಗಬೇಡಿ. ಅಮೆರಿಕದಲ್ಲೂ ಇದು ಮೊದಲಿನಿಂದ ಇದ್ದ ಹಕ್ಕಲ್ಲ. 1978ರಲ್ಲಿ ಕಾನೂನು ಬದಲಾದ ಮೇಲೆ ಬಂದದ್ದು, ಅಲಬಾಮ ಮತ್ತು ಮಿಸಿಸಿಪ್ಪಿಯಲ್ಲಿ 2013ರವರೆಗೂ ಒಪ್ಪಿಗೆ ಇರಲಿಲ್ಲ. ಈಗಲೂ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ ಇದೆ, ಮಾರುವ ಹಾಗಿಲ್ಲ.

ತುಂಗಾತೀರ, ಸಿಯಾಟಲ್

ಏಳು ವಾರ ಆಯಿತು, ಏನಾಯಿತು ಅಂತ ಹೇಳಬೇಕು.

ಮೊದಲ ಬ್ಯಾಚ್‌ಗೆ ಕ್ಯಾಸ್ಕೇಡ್ 40 ಗ್ರಾಂ ಮತ್ತು ಜೆಲಟಿನ್ ಹಾಕಿ ಮೂರು ವಾರ ತಣ್ಣಗೆ ಇಟ್ಟೆ. ಒಗರು ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಊಟದ ಜೊತೆ, ಅದರಲ್ಲೂ ಖಾರದ ಕೋಳಿ ಸಾರಿನ ಜೊತೆ ಕುಡಿದರೆ ಗೊತ್ತೇ ಆಗುವುದಿಲ್ಲ.

ಎರಡನೆಯದನ್ನು ಹಠ ಹಿಡಿದು ಮಾಡಿದೆ. 15ಕ್ಕೆ ಇಳಿಸಲು ಮನಸ್ಸಾಗಲಿಲ್ಲ, ಮ್ಯೂನಿಕ್‌ನವರು ಬೇಜಾರು ಮಾಡಿಕೊಳ್ಳಬೇಡಿ. ಪೇಲ್ 4.8, ರೈ 1.4, ಕ್ರಿಸ್ಟಲ್ 0.25 ಕೆಜಿ, ಅಂದರೆ ರೈ ಶೇಕಡ 22ರ ಹತ್ತಿರ. ಉಮಿ 300 ಗ್ರಾಂ ನೆನೆಸಿ ಹಾಕಿದೆ, ರೈಯನ್ನು 0.9 ಮಿಮೀ ಸಂದಿನಲ್ಲಿ ಬೇರೆಯಾಗಿ ಒಡೆದೆ, ಮಿಕ್ಸಿ ಮುಟ್ಟಲಿಲ್ಲ. 43ರಲ್ಲಿ 20 ನಿಮಿಷ, 66ರಲ್ಲಿ ಒಂದು ಗಂಟೆ. ನಲ್ಲಿ ಕಾಲು ಭಾಗ ತೆರೆದು ಕೂತೆ. 50 ನಿಮಿಷದಲ್ಲಿ ಪೂರ್ತಿ ಇಳಿಯಿತು, ಒಂದು ಸಲವೂ ನಿಲ್ಲಲಿಲ್ಲ. ವರ್ಟ್ ಬೆರಳಿಗೆ ಹಚ್ಚಿ ನೋಡಿದೆ, ಎಣ್ಣೆಯ ಹಾಗೆ ಜಾರುತ್ತಿತ್ತು. 1.063ರಿಂದ 1.013ಕ್ಕೆ ಬಂತು, ಶೇಕಡ 6.5ರಷ್ಟು. ಕೊಲಂಬಸ್ 30 ಗ್ರಾಂಗೆ ಇಳಿಸಿದ್ದೆ.

ನಿನ್ನೆ ಮೊದಲ ಬಾಟಲಿ ತೆರೆದೆವು. ನೊರೆ ಗ್ಲಾಸಿನ ಕೊನೆಯವರೆಗೂ ನಿಂತಿತು. ಒಗರು ಇಲ್ಲ, ಕಹಿ ಬಂದು, ಅದರ ಹಿಂದೆಯೇ ನುಣ್ಣಗೆ ಆ ಹಿಟ್ಟಿನ ರುಚಿ ಬರುತ್ತದೆ. ನನ್ನ ಹೆಂಡತಿ ಬಿಯರ್ ಅಷ್ಟಾಗಿ ಇಷ್ಟಪಡುವುದಿಲ್ಲ, ಅವಳೂ ಒಂದು ಗ್ಲಾಸ್ ಮುಗಿಸಿದಳು. ಕಾಳುಮೆಣಸಿನ ರುಚಿ ಮಾತ್ರ ನನಗೆ ಈಗಲೂ ಸಿಗುತ್ತಿದೆ, ಅದು ಕೊಲಂಬಸ್‌ನದಾ ರೈಯದ್ದಾ ಅಂತ ನೋಡಲು ಮುಂದಿನ ಸಲ ಕೊಲಂಬಸ್ ಬಿಟ್ಟು ಬೇರೆ ಹಾಪ್ಸ್‌ನಲ್ಲಿ ಇದೇ ಕಾಳು ಹಾಕುತ್ತೇನೆ.

ಕಾಫಿತೋಟ_ಮ್ಯೂನಿಕ್

ಬೇಜಾರು ಏನೂ ಇಲ್ಲ, ತುಂಬ ಖುಷಿಯಾಯಿತು. ಮುಂದಿನ ಸಲ ಮೌಂಟ್ ಹುಡ್ ಹಾಪ್ಸ್ ಹಾಕಿ ನೋಡಿ. ಅದು ನಮ್ಮ ಹ್ಯಾಲರ್‌ಟೌ ತಳಿಯ ಮಗಳು, ಮೆದು, ಖಾರವಿದ್ದರೆ ರೈಯದ್ದೇ ಅಂತ ಗೊತ್ತಾಗುತ್ತದೆ. ಆಲ್ಫಾ 5ರ ಸುಮಾರು ಇರುತ್ತದೆ, ಅಷ್ಟೇ ಕಹಿಗೆ ಮೂರು ಪಟ್ಟು ಹಾಕಬೇಕಾಗುತ್ತದೆ.