ಹಣೆಗೆ ಕಟ್ಟುವ ಹಗುರವಾದ ಹೆಡ್‌ಲ್ಯಾಂಪ್ ಯಾವುದು ತಗೊಳ್ಳಲಿ?

ಮೂಡಿಗೆರೆ_ತೋಟ: ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋದು ಕಷ್ಟ. ಅಡುಗೆಮನೆಗೂ ಬೇಕು, ರಾತ್ರಿ ತೋಟಕ್ಕೆ ಹೋಗಲೂ ಬೇಕು. ಭಾರ ಇದ್ದರೆ ಅಮ್ಮ ಕಟ್ಟಿಕೊಳ್ಳುವುದಿಲ್ಲ. ಯಾವುದು ನೋಡಲಿ?

ಹಾಸನ_ಚಾರಣಿಗ: ಲುಮೆನ್ (ಬೆಳಕಿನ ಅಳತೆ) ಜಾಸ್ತಿ ಅಂತ ಸುಮ್ನೆ ದುಡ್ಡು ಹಾಕಬೇಡಿ. ಅಡುಗೆಗೆ 50 ಲುಮೆನ್ ಸಾಕು, ತೋಟಕ್ಕೆ 200. ಭಾರ ಇರುವುದು ಬ್ಯಾಟರಿಯಲ್ಲಿ, ಚಾರ್ಜ್ ಮಾಡುವ 18650 ಲಿಥಿಯಂ ಸೆಲ್ ಒಂದೇ ಸುಮಾರು 45 ಗ್ರಾಂ ತೂಗುತ್ತದೆ, ಹಾಗಾಗಿ ಬ್ಯಾಟರಿ ಸೇರಿಸಿ 90 ಗ್ರಾಂ ಒಳಗಿನದನ್ನು ಹುಡುಕಿ. ಮಳೆಗೆ ಕನಿಷ್ಠ ಐಪಿಎಕ್ಸ್4 (ಸಿಡಿಯುವ ನೀರು ತಡೆಯುವ ಮಟ್ಟ) ಇರಲಿ.

ಸಕಲೇಶಪುರದವಳು: ಚಾರ್ಜ್ ಮಾಡುವಂಥದ್ದನ್ನೇ ನಂಬಿಕೊಂಡಿರಬೇಡಿ ಅಂತ ನನ್ನ ಸಲಹೆ. ಕರೆಂಟೇ ಇಲ್ಲದಿದ್ದರೆ ಚಾರ್ಜ್ ಎಲ್ಲಿಂದ? ಸಣ್ಣ ಎಎಎ ಸೆಲ್ಲೂ ಹಿಡಿಸುವ ಮಾದರಿ ಸಿಗುತ್ತದೆ, ಅದೇ ಒಳ್ಳೆಯದು, ಸೆಲ್ ಯಾವ ಅಂಗಡಿಯಲ್ಲೂ ಸಿಗುತ್ತದಲ್ವಾ. ಕೆಂಪು ದೀಪ ಇದ್ದರೆ ಇನ್ನೂ ಚೆನ್ನ, ಮಲಗಿದವರಿಗೆ ತೊಂದರೆ ಕಡಿಮೆ, ಕತ್ತಲೆಗೆ ಹೊಂದಿಕೊಂಡ ಕಣ್ಣೂ ಕೆಡುವುದಿಲ್ಲ.

ಹಾಸನ_ಚಾರಣಿಗ: ಹೌದು, ಚಾರ್ಜ್ ಬ್ಯಾಟರಿ, ಎಎಎ ಸೆಲ್ ಎರಡೂ ಹಿಡಿಸುವುದೇ ಸರಿ. ಇನ್ನೊಂದು ವಿಷಯ, ದಟ್ಟ ಮಂಜಿನಲ್ಲಿ ಹಣೆಯ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ದಾರಿ ಕಾಣಿಸುವುದಿಲ್ಲ. ಆಗ ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದು ನಡೆಯಿರಿ.

ಮೂಡಿಗೆರೆ_ತೋಟ: ತುಂಬಾ ಥ್ಯಾಂಕ್ಸ್. ಎರಡೂ ಹಿಡಿಸುವುದನ್ನೇ ನೋಡುತ್ತೇನೆ.