ಕುಮಾರ ಪರ್ವತ ಮೊದಲ ಚಾರಣಕ್ಕೆ ಆಗುತ್ತಾ?

ಪ್ರಶ್ನೆ: ಬೆಟ್ಟ ಹತ್ತಿ ಅಭ್ಯಾಸವಿಲ್ಲ. ಡಿಸೆಂಬರಿನಲ್ಲಿ ಕುಕ್ಕೆ ಕಡೆಯಿಂದ ನೇರ ಹತ್ತಬಹುದಾ?

ಉತ್ತರ 1: ಬೇಡ. ತುದಿ 1,712 ಮೀಟರ್, ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಏರು ಪೂರ್ತಿ ಕಾಲಿಗೇ ಬೀಳುತ್ತದೆ. ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ, ಆದರೂ ಸುಲಭ: ಅದನ್ನು ಹತ್ತುವ ಸರ್ಪದಾರಿ ಎಂಬ ಕಾಲುಹಾದಿ ಶುರುವಾಗುವುದೇ ಘಟ್ಟದ ಮೇಲೆ. ಮೊದಲು ಅದು.

ಉತ್ತರ 2: ಸೋಲಿಸೋದು ಇಳಿಜಾರು ಕಣ್ರೀ. ಉಗುರು ಕತ್ತರಿಸಿ, ಇಳಿಯುವಾಗ ಲೇಸ್ ಬಿಗಿ ಮಾಡಿ. ಇಲ್ಲದಿದ್ದರೆ ಬೆರಳು ಶೂ ಮೂತಿಗೆ ಗುದ್ದಿ ಉಗುರು ಕಪ್ಪಾಗುತ್ತೆ. ದಾರಿ ಮಧ್ಯೆ ಸಿಗುವ ಭಟ್ಟರ ಮನೆ ದಾಟಿದರೆ ಹೆಚ್ಚಾಗಿ ಹುಲ್ಲುಗಾವಲು, ನೆರಳು ಕಡಿಮೆ. ತಲಾ ಮೂರು ಲೀಟರ್ ನೀರು ಇರಲಿ.

ಉತ್ತರ 3: ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನಲ್ಲಿ ಪಡೆಯಿರಿ. ಮಳೆಗಾಲದಲ್ಲಂತೂ ಯೋಚಿಸಲೇಬೇಡಿ: ಜಿಗಣೆ, ಜಾರುವ ಬಂಡೆ.