ಪದಚರ್ಚೆ: ತಾಪಮಾನದ ಲೆಕ್ಕದಲ್ಲಿ ‘ವಾಡಿಕೆಗಿಂತ’ ಎಂದರೆ ಯಾವುದಕ್ಕಿಂತ?

ಎಲ್ಲರಿಗೂ ನಮಸ್ಕಾರ.

ಒಂದು ಪ್ರದೇಶದ ವಾರ್ಷಿಕ ಸರಾಸರಿ ತಾಪಮಾನ ಹಲವು ದಶಕಗಳಲ್ಲಿ ಹೇಗೆ ಬದಲಾಗಿದೆ ಎಂಬುದನ್ನು ಕನ್ನಡದಲ್ಲಿ ಬರೆಯಲು ಕೂತಾಗಲೆಲ್ಲ ಕೆಲವು ಪದಗಳು ನನಗೆ ತೊಡಕಾಗುತ್ತವೆ. ಮುಖ್ಯವಾಗಿ ವಾಡಿಕೆ, ವೈಪರೀತ್ಯ, ಪ್ರವೃತ್ತಿ. ಮೂರೂ ಚಾಲ್ತಿಯಲ್ಲಿರುವ ಪದಗಳೇ, ಪತ್ರಿಕೆಗಳಲ್ಲಿ ದಿನವೂ ಕಾಣುತ್ತವೆ. ಆದರೆ ದೀರ್ಘಕಾಲದ ಬದಲಾವಣೆಯ ಮಾತು ಬಂದಾಗ ಇವು ಓದುಗರನ್ನು ಬೇರೆ ಕಡೆಗೆ ಎಳೆಯುತ್ತವೆ ಎಂದು ನನಗನ್ನಿಸುತ್ತದೆ. ನಿಮ್ಮ ಅಭಿಪ್ರಾಯ ಬೇಕು.

ಮೊದಲು ‘ವಾಡಿಕೆ’. ಇದು ಮಳೆಯ ವರದಿಗಳಲ್ಲಿ ಬೇರೂರಿದ ಪದ. ‘ವಾಡಿಕೆ ಮಳೆ’, ‘ವಾಡಿಕೆಗಿಂತ ಶೇ 20ರಷ್ಟು ಕೊರತೆ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾರ್ಮಲ್ ಎಂಬುದಕ್ಕೆ ‘ಸಾಮಾನ್ಯ’ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಒಂದು ತಿಂಗಳ, ಒಂದು ಹಂಗಾಮಿನ ಸುದ್ದಿಗೆ ಇದನ್ನು ಬಿಡುವ ಮಾತೇ ಇಲ್ಲ.

ತೊಂದರೆ ಶುರುವಾಗುವುದು ದೀರ್ಘಕಾಲದ ಲೆಕ್ಕದಲ್ಲಿ. ಹವಾಮಾನದವರ ವಾಡಿಕೆ ಎಂದರೆ 30 ವರ್ಷಗಳ ಸರಾಸರಿ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಅದಕ್ಕೂ ಮುಂಚೆ 1981ರಿಂದ 2010ರದು ಇತ್ತು. ಹತ್ತು ವರ್ಷಕ್ಕೊಮ್ಮೆ ಇದನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ. ಕನ್ನಡದಲ್ಲಿ ವಾಡಿಕೆ ಎಂದರೆ ಹಿಂದಿನಿಂದ ನಡೆದುಕೊಂಡು ಬಂದದ್ದು, ಅಷ್ಟು ಸುಲಭವಾಗಿ ಕದಲದ್ದು ಎಂಬ ಭಾವ ಇದೆ. ಈ ಲೆಕ್ಕದ ವಾಡಿಕೆಯಾದರೋ ಕದಲುತ್ತದೆ, ಅದೂ ಮೇಲ್ಮುಖವಾಗಿ. ಪ್ರದೇಶ ಬಿಸಿಯಾಗುತ್ತಾ ಹೋದಂತೆ ವಾಡಿಕೆಯೂ ಬಿಸಿಯಾಗುತ್ತದೆ. ಹೊಸ ವಾಡಿಕೆಗೆ ಹೋಲಿಸಿದಾಗ ಅದೇ ಹಳೆಯ ವರ್ಷದ ಹೆಚ್ಚಳ ಕಡಿಮೆಯಾಗಿ ಕಾಣುತ್ತದೆ. ‘ವಾಡಿಕೆಯಷ್ಟೇ ಇತ್ತು’ ಎಂದು ಇಂದು ಓದುವ ವರ್ಷ ಐವತ್ತು ವರ್ಷದ ಹಿಂದಿನ ಲೆಕ್ಕದಲ್ಲಿ ತೀರಾ ಬಿಸಿಯಾದ ವರ್ಷ ಎನ್ನಿಸಿಕೊಳ್ಳುತ್ತಿತ್ತು. ಈ ಕಾರಣಕ್ಕೇ ವಿಶ್ವ ಹವಾಮಾನ ಸಂಸ್ಥೆ ದೀರ್ಘಕಾಲದ ಬದಲಾವಣೆಯನ್ನು ಅಳೆಯಲು 1961ರಿಂದ 1990ರ ಸರಾಸರಿಯನ್ನು ಕದಲಿಸದೆ ಬೇರೆಯಾಗಿ ಇಟ್ಟುಕೊಂಡಿದೆ.

ಇದು ಬರಿಯ ಸೂಕ್ಷ್ಮದ ಮಾತಲ್ಲ. 2024ನ್ನೇ ನೋಡಿ. ಭಾರತದ ವಾರ್ಷಿಕ ಸರಾಸರಿ 0.65 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು, 1901ರಿಂದೀಚೆಗೆ ಅದೇ ಅತಿ ಬಿಸಿಯಾದ ವರ್ಷ ಎಂದು ಭಾರತೀಯ ಹವಾಮಾನ ಇಲಾಖೆ ಹೇಳಿತು. ಅದೇ ವರ್ಷ ಇಡೀ ಭೂಮಿಯ ಸರಾಸರಿ ಸುಮಾರು 1.55 ಡಿಗ್ರಿ ಹೆಚ್ಚಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಎರಡನ್ನೂ ‘ವಾಡಿಕೆಗಿಂತ’ ಎಂದು ಬರೆದು ಅಕ್ಕಪಕ್ಕ ಇಟ್ಟರೆ ಓದುಗರು ಏನೆಂದುಕೊಳ್ಳುತ್ತಾರೆ? ಭಾರತ ಅರ್ಧಕ್ಕಿಂತ ಕಡಿಮೆ ಬಿಸಿಯಾಗಿದೆ ಎಂದುಕೊಳ್ಳುತ್ತಾರೆ. ಆದರೆ ಮೊದಲನೆಯ ಹೋಲಿಕೆ 1991–2020ಕ್ಕೆ, ಎರಡನೆಯದು 1850–1900ಕ್ಕೆ. ಒಂದರ ಬುಡ ಇಲ್ಲಿದೆ, ಇನ್ನೊಂದರ ಬುಡ ನೂರು ವರ್ಷ ಕೆಳಗಿದೆ. ಹಾಗಾಗಿ ದೀರ್ಘಕಾಲದ ಬರಹಗಳಲ್ಲಿ ‘ವಾಡಿಕೆ’ಯನ್ನು ಬಿಟ್ಟು ‘ಹೋಲಿಕೆಯ ಅವಧಿ’ ಎಂದು ಬಳಸಿ, ಆ ಅವಧಿಯ ವರ್ಷಗಳನ್ನೂ ವಾಕ್ಯದೊಳಗೇ ಹೇಳುವುದು ಒಳ್ಳೆಯದು ಎಂಬುದು ನನ್ನ ಸಲಹೆ. ‘ಆಧಾರ ವರ್ಷ’ ಎಂಬ ಮಾತು ಬೆಲೆ ಸೂಚ್ಯಂಕದ ವರದಿಗಳಲ್ಲಿ ಇದೆ, ಆದರೆ ಅಲ್ಲಿ ಅದು ಒಂದೇ ವರ್ಷ. ಇಲ್ಲಿ ಮೂವತ್ತು ಅಥವಾ ಐವತ್ತು ವರ್ಷಗಳ ಹರವು. ‘ಆಧಾರ ಅವಧಿ’ ಆದೀತು. ‘ಹೋಲಿಕೆ’ ಎಂದರೆ ಕೆಲಸವೇ ಹೆಸರಾಗುತ್ತದೆ ಎಂದು ನನಗೆ ಅದೇ ಇಷ್ಟ.

ಇನ್ನು ‘ವೈಪರೀತ್ಯ’. ಅನಾಮಲಿ ಎಂಬುದಕ್ಕೆ ಇದನ್ನು ಬಳಸಿದ್ದು ನೋಡಿದ್ದೇನೆ. ಅನಾಮಲಿ ಎಂದರೆ ಹೋಲಿಕೆಯ ಅವಧಿಯ ಸರಾಸರಿಗೂ ಆ ವರ್ಷದ ಸರಾಸರಿಗೂ ಇರುವ ಅಂತರ, ಅಷ್ಟೇ. ಅದು 0.1 ಇರಬಹುದು, ಸೊನ್ನೆಗಿಂತ ಕೆಳಗೂ ಇರಬಹುದು. ‘0.1 ಡಿಗ್ರಿ ವೈಪರೀತ್ಯ’ ಎಂದರೆ ವಿಪರೀತವಾದದ್ದೇನೋ ಆಗಿದೆ ಎಂದು ಕೇಳುತ್ತದೆ. ಮೇಲಾಗಿ ಮಂಜಿನಿಂದ ವಿಮಾನ ತಡವಾದರೂ ‘ಹವಾಮಾನ ವೈಪರೀತ್ಯ’, ನೂರು ವರ್ಷದ ಬದಲಾವಣೆಗೂ ‘ಹವಾಮಾನ ವೈಪರೀತ್ಯ’ ಎಂದು ಬರೆಯುವ ರೂಢಿ ಇದೆ. ಒಂದು ಬೆಳಗಿನ ಮಾತನ್ನೂ ಒಂದು ಶತಮಾನದ ಮಾತನ್ನೂ ಒಂದೇ ಪದ ಹೊರಬೇಕಾಗಿದೆ. ‘ವಿಚಲನೆ’ ಚೆನ್ನಾಗಿತ್ತು, ಆದರೆ ಸಂಖ್ಯಾಶಾಸ್ತ್ರದಲ್ಲಿ ‘ಮಾನಕ ವಿಚಲನೆ’ ಆಗಲೇ ಬೇರೆ ಅರ್ಥದಲ್ಲಿ ಕೂತುಬಿಟ್ಟಿದೆ. ನಾನು ‘ವ್ಯತ್ಯಾಸ’ ಎಂದೇ ಬರೆಯುತ್ತಿದ್ದೇನೆ. ಇದಕ್ಕಿಂತ ಖಚಿತವಾದ ಪದ ಯಾರಿಗಾದರೂ ಹೊಳೆದರೆ ತಿಳಿಸಿ.

ಟ್ರೆಂಡ್ ಎಂಬುದಕ್ಕೆ ಬಳಸುವ ‘ಪ್ರವೃತ್ತಿ’ಯ ಬಗ್ಗೆ ನನ್ನ ಆಕ್ಷೇಪ ಸಣ್ಣದು: ಮನಸ್ಸಿನ ಒಲವಿನ ಮಾತು ಅಲ್ಲಿ ಇಣುಕುತ್ತದೆ. ‘ಒಟ್ಟಾರೆ ಏರಿಕೆ’, ‘ದಶಕಕ್ಕೆ ಇಷ್ಟರಂತೆ ಏರಿಕೆ’ ಎಂದು ಬಿಡಿಸಿ ಬರೆದರೆ ಆ ಪದ ಬೇಕಾಗುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಅದರ ಜಾಗದಲ್ಲಿ ಸಲೀಸಾಗಿ ಬಂದು ಕೂರುವ ‘ವರ್ಷದಿಂದ ವರ್ಷಕ್ಕೆ ಏರುತ್ತಿದೆ’ ಎಂಬ ಮಾತು. ನಮ್ಮ ಬಾಯಲ್ಲಿ ಇದು ತಾನಾಗಿ ಬರುತ್ತದೆ, ಆದರೆ ಅಕ್ಷರಶಃ ನಿಜವಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಕಣಗಳು ವಾಯುಮಂಡಲದ ಮೇಲಿನ ಪದರ ಸೇರಿ ಬಿಸಿಲನ್ನು ತಡೆದವು. ಮುಂದಿನ ವರ್ಷ ಭೂಮಿಯ ಸರಾಸರಿ ಸುಮಾರು ಅರ್ಧ ಡಿಗ್ರಿ ತಗ್ಗಿತು. ಎಲ್ ನಿನೊ (ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯಾಗುವ ವಿದ್ಯಮಾನ) ಬಂದ 1998ರ ನಂತರದ ಎರಡು ವರ್ಷಗಳೂ ಅದಕ್ಕಿಂತ ತಣ್ಣಗಿದ್ದವು. ‘ವರ್ಷದಿಂದ ವರ್ಷಕ್ಕೆ’ ಎಂದು ನಂಬಿದ ಓದುಗ ಇಂಥ ಒಂದು ವರ್ಷ ಕಂಡೊಡನೆ ಇಡೀ ವಿಷಯವನ್ನೇ ಅನುಮಾನಿಸುತ್ತಾನೆ. ‘ದಶಕದಿಂದ ದಶಕಕ್ಕೆ’ ಎಂದರೆ ಸರಿಯಾಗುತ್ತದೆ: 1980ರ ದಶಕದಿಂದೀಚೆಗೆ ಭೂಮಿಯ ಮಟ್ಟಿಗೆ ಪ್ರತಿಯೊಂದು ದಶಕವೂ ಅದರ ಹಿಂದಿನ ದಶಕಕ್ಕಿಂತ ಬಿಸಿಯಾಗಿದೆ.

ಒಂದು ಪ್ರದೇಶವನ್ನು ಮಾತ್ರ ತೆಗೆದುಕೊಂಡರೆ ಏರಿಳಿತ ಇನ್ನೂ ಜೋರು. ಥರ್ಮಾಮೀಟರಿನ ಸರಣಿಗಳಲ್ಲೆಲ್ಲ ಅತಿ ಉದ್ದದ್ದು ಮಧ್ಯ ಇಂಗ್ಲೆಂಡಿನದು. ತಿಂಗಳುವಾರು ಅಂಕಿಗಳು 1659ರಿಂದ ಇವೆ. ಗಾರ್ಡನ್ ಮ್ಯಾನ್ಲಿ ಎಂಬ ವಿಜ್ಞಾನಿ ಹಳೆಯ ದಿನಚರಿ, ಟಿಪ್ಪಣಿಗಳಿಂದ ಅದನ್ನು ಕಲೆಹಾಕಿದರು. ಅದರಲ್ಲಿ 1730ರ ದಶಕ ಬೆಚ್ಚಗಿದ್ದು, ಅದರ ಬೆನ್ನಿಗೇ 1740ರ ಸರಾಸರಿ 6.8 ಡಿಗ್ರಿಗೆ ಕುಸಿಯುತ್ತದೆ. ಇಡೀ ಸರಣಿಯಲ್ಲಿ ಅದೇ ಅತಿ ತಣ್ಣನೆಯ ವರ್ಷ. 11 ಡಿಗ್ರಿ ದಾಟಿದ ಮೊದಲ ವರ್ಷ 2022. 1740ರ ಕುಸಿತಕ್ಕೆ ‘ಏರಿಳಿತ’, ಕಳೆದ ಐವತ್ತು ವರ್ಷಗಳ ಹೆಚ್ಚಳಕ್ಕೆ ‘ಏರಿಕೆ’ ಎಂದು ಎರಡನ್ನೂ ಬೇರೆಬೇರೆಯಾಗಿ ಹಿಡಿದಿಡುವ ಶಿಸ್ತು ನಮ್ಮ ಬರಹಗಳಿಗೆ ಬರಬೇಕು.

ನಡುವೆ ಇನ್ನೆರಡು ಮಾತು. ‘ಜಾಗತಿಕ ತಾಪಮಾನದಿಂದ ಹಿಮ ಕರಗುತ್ತಿದೆ’ ಎಂದು ಎಲ್ಲೆಲ್ಲೂ ಓದುತ್ತೇವೆ. ತಾಪಮಾನ ಎಂಬುದು ಅಳತೆ, ಅದು ಯಾವಾಗಲೂ ಇರುತ್ತದೆ. ಹಿಮ ಕರಗುವುದು ಅದರ ಏರಿಕೆಯಿಂದ. ‘ಏರಿಕೆ’ ಎಂಬ ಪದವನ್ನು ದಯವಿಟ್ಟು ನುಂಗಬಾರದು. ಇನ್ನೊಂದು, ಶೇಕಡಾವಾರು. ಸರಾಸರಿ 25ರಿಂದ 26 ಡಿಗ್ರಿ ಸೆಲ್ಸಿಯಸ್‌ಗೆ ಹೋದರೆ ‘ಶೇ 4ರಷ್ಟು ಏರಿಕೆ’ ಎಂದು ಬರೆಯುವವರಿದ್ದಾರೆ. ಅದೇ ಬದಲಾವಣೆ ಫ್ಯಾರನ್‌ಹೀಟ್‌ನಲ್ಲಿ 77ರಿಂದ 78.8, ಅಂದರೆ ಶೇ 2.3, ಕೆಲ್ವಿನ್‌ನಲ್ಲಿ ಶೇ 0.3. ಮಾಪಕ ಬದಲಾದರೆ ಬದಲಾಗುವ ಸಂಖ್ಯೆಗೆ ಅರ್ಥವಿಲ್ಲ. ಅನುವಾದಕರು ಇನ್ನೊಂದನ್ನೂ ಗಮನಿಸಬೇಕು: 1.5 ಡಿಗ್ರಿ ಸೆಲ್ಸಿಯಸ್ ‘ಏರಿಕೆ’ ಎಂದರೆ ಫ್ಯಾರನ್‌ಹೀಟ್‌ನಲ್ಲಿ 2.7 ಡಿಗ್ರಿ ಏರಿಕೆ. ಪರಿವರ್ತನೆಯ ಪಟ್ಟಿ ನೋಡಿ 34.7 ಎಂದು ಬರೆದರೆ ಅನರ್ಥ.

ಕೊನೆಯದಾಗಿ, ನನ್ನಲ್ಲಿ ಉತ್ತರವೇ ಇಲ್ಲದ ಪ್ರಶ್ನೆ. ಪ್ರದೇಶದ ಸರಾಸರಿ ಎಂಬುದು ಅನೇಕ ಮಾಪನ ಕೇಂದ್ರಗಳ ಅಂಕಿಗಳನ್ನು ಸೇರಿಸಿ ಮಾಡಿದ್ದು. ಒಂದು ಕೇಂದ್ರವನ್ನು ಕಟ್ಟಡಗಳ ನಡುವಿನಿಂದ ಬಯಲಿಗೆ ಸಾಗಿಸಿದರೆ ಅಂದಿನಿಂದ ಅಂಕಿಗಳು ಥಟ್ಟನೆ ಇಳಿಯುತ್ತವೆ. ಸುತ್ತ ಊರು ಬೆಳೆದರೆ ಮೆಲ್ಲಗೆ ಏರುತ್ತವೆ. ಅಂಕಿ ಬರೆದುಕೊಳ್ಳುವ ಹೊತ್ತು ಬದಲಾದರೂ ಸರಾಸರಿ ಕದಲುತ್ತದೆ. ಇದ್ಯಾವುದೂ ಹವೆಯ ಬದಲಾವಣೆಯಲ್ಲವಾದ್ದರಿಂದ ಅಕ್ಕಪಕ್ಕದ ಕೇಂದ್ರಗಳಿಗೆ ಹೋಲಿಸಿ ಇವುಗಳ ಪ್ರಭಾವವನ್ನು ತೆಗೆಯುತ್ತಾರೆ. ಹೋಮೊಜನೈಸೇಷನ್ ಎಂಬ ಈ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ? ‘ತಿದ್ದಿದ ಅಂಕಿಗಳು’ ಎಂದರೆ ಯಾರೋ ಕೈಯಾಡಿಸಿದ್ದಾರೆ ಎಂಬ ಗುಮಾನಿ ಬರುತ್ತದೆ. ‘ಹೊಂದಾಣಿಕೆ’ ಎಂದರೆ ರಾಜಿ ಮಾಡಿಕೊಂಡಂತೆ. ‘ಏಕರೂಪಗೊಳಿಸಿದ’ ಎಂದರೆ ಎಲ್ಲ ಕೇಂದ್ರಗಳನ್ನೂ ಒಂದೇ ಅಂಕಿಗೆ ತಂದಂತೆ ಕೇಳುತ್ತದೆ, ಅದು ನಿಜವಲ್ಲ. ‘ಸರಿದೂಗಿಸಿದ ಅಂಕಿಗಳು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಲೆಕ್ಕಪತ್ರದ ಕನ್ನಡ ಬಲ್ಲವರು, ಭೂಮಾಪನದ ಕನ್ನಡ ಬಲ್ಲವರು ಇಲ್ಲಿದ್ದರೆ, ಅಳತೆಯ ಉಪಕರಣದ ದೋಷವನ್ನು ಕಳೆದು ಅಂಕಿಯನ್ನು ನಿಜದ ಹತ್ತಿರ ತರುವುದಕ್ಕೆ ನಿಮ್ಮಲ್ಲಿ ಬಳಕೆಯಲ್ಲಿರುವ ಪದ ಯಾವುದು ಎಂದು ತಿಳಿಸುತ್ತೀರಾ?